ಆಯಿ ‘ಬ್ಯಾಡ’ ಅಂದಾಗ ಕ್ಯಾಮೆರಾ ಏನು ಮಾಡಬೇಕು?

ಹೋದ ಬೇಸಿಗೆಯಲ್ಲಿ ನಾವು ನಾಲ್ಕು ಜನ ಸುರಪುರ ತಾಲೂಕಿನ ಒಂದು ಕೇರಿಗೆ ಹೋಗಿದ್ದೆವು. ಇಬ್ಬರು ಸಾಲಿ ಮಾಸ್ತರರು, ಒಬ್ಬ ಶಹಾಪುರದ ಕಾಲೇಜು ಹುಡುಗ, ಇನ್ನೊಬ್ಬ ಯಾದಗಿರಿಯಲ್ಲಿ ಸಂಘಟನೆಯ ಕೆಲಸ ಮಾಡುವವನು. ಬೀಸುವ ಪದ, ಸೋಬಾನ ಪದ, ಗುಳೆ ಹೋಗಿ ಬಂದವರ ಮಾತು, ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಡಬೇಕು, ಮುಂದೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಬೇಕು ಎಂಬುದು ನಮ್ಮ ಉಮೇದು. ನಮ್ಮ ಜನರ ಕಥೆಯನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಎಪ್ಪತ್ತು ದಾಟಿದ ಒಬ್ಬ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಮೊಬೈಲ್ ನೋಡಿದ್ದೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

“ಬ್ಯಾಡ ತಮ್ಮಾ, ನನ್ನ ಫೋಟೊ ತಗೀಬ್ಯಾಡ.”

“ಯಾಕ ಆಯಿ? ನಾವೇನು ಹೊರಗಿನವರ? ನಿನ್ನ ಮೊಮ್ಮಕ್ಕಳಿದ್ದಂಗ.”

“ಹೋದ ಸಲ ಬಂದವರೂ ಹಂಗೇ ಅಂದಿದ್ರು. ಸತ್ತ ನನ್ನ ಮಗಂದು ಒಂದೇ ಒಂದು ಫೋಟೊ ಇತ್ತು. ಪೇಪರ್‌ನ್ಯಾಗ ಹಾಕ್ತೀವಿ, ಪರಿಹಾರ ಬರ್ತದ ಅಂತ ಒಯ್ದರು. ಪರಿಹಾರ ಬರಲಿಲ್ಲ. ಪೇಪರ್‌ನ್ಯಾಗ ಬಂತೋ ಇಲ್ಲೋ ನನಗ ಗೊತ್ತಿಲ್ಲ. ಫೋಟೊ ಅಂತೂ ಹೊಳ್ಳಿ ಬರಲಿಲ್ಲ.”

ಅವಳ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಮೇಲಿನಿಂದ ಬಿದ್ದು ಸತ್ತವನು. ನಾವು ಸುಮ್ಮನಾದೆವು, ನೀರು ಕುಡಿದು ಬಂದೆವು. ರಾತ್ರಿ ಯಾದಗಿರಿಯ ಕೋಣೆಯಲ್ಲಿ ಅಂದು ಹಿಡಿದದ್ದನ್ನು ನೋಡುತ್ತಾ ಕೂತಾಗ ಗೊತ್ತಾಯಿತು: ಆಯಿ ಬ್ಯಾಡ ಅನ್ನುತ್ತಿದ್ದಷ್ಟು ಹೊತ್ತೂ ಕಾಲೇಜು ಹುಡುಗನ ಕೈಯಲ್ಲಿದ್ದ ಮೊಬೈಲು ನಡೆಯುತ್ತಲೇ ಇತ್ತು. ಎರಡು ನಿಮಿಷದ ತುಣುಕು. ಸೆರಗಿನ ಸಂದಿನಿಂದ ಕಾಣುವ ಒಂದು ಕಣ್ಣು, ನಡುಗುವ ಕೈ, ಆ ಮಾತು. ನಮ್ಮಲ್ಲೊಬ್ಬರು, “ಇಡೀ ದಿನದಾಗ ಇದೇ ಭಾಳ ಚಲೋ ಬಂದದ” ಅಂದುಬಿಟ್ಟರು. ಅನ್ನಬಾರದಿತ್ತು. ಆದರೆ ಉಳಿದ ಮೂವರ ಮನಸ್ಸಿನಲ್ಲೂ ಅದೇ ಇತ್ತು.

ಆ ತುಣುಕನ್ನು ಏನು ಮಾಡಬೇಕು ಎಂದು ವಾರಗಟ್ಟಲೆ ಜಗಳಾಡಿದೆವು. ಅದೇ ದಿನಗಳಲ್ಲಿ ಗೆಳೆಯರೊಬ್ಬರು ತಂದುಕೊಟ್ಟ ಒಂದು ಅಮೆರಿಕನ್ ಸಾಕ್ಷ್ಯಚಿತ್ರವನ್ನು ಲ್ಯಾಪ್‌ಟಾಪಿನ ಸುತ್ತ ಕೂತು ನೋಡಿದೆವು. ಅರ್ಲೀನ್ ಬೋಮನ್ ಎಂಬ ನವಾಜೊ ಹೆಣ್ಣುಮಗಳು 1980ರ ದಶಕದ ನಡುವೆ ಮಾಡಿದ ‘ನವಾಜೊ ಟಾಕಿಂಗ್ ಪಿಕ್ಚರ್’. ಸುಮಾರು 40 ನಿಮಿಷದ ಚಿತ್ರ. ನೋಡಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ನಮ್ಮ ಎರಡು ನಿಮಿಷದ ಪಾಪವನ್ನೇ ಆಕೆ 40 ನಿಮಿಷ ಮಾಡಿದ್ದಳು. ಮಾಡಿ, ಅದನ್ನು ಮುಚ್ಚಿಡದೆ ಲೋಕದ ಮುಂದೆ ಇಟ್ಟಿದ್ದಳು.

ನವಾಜೊಗಳು ಯಾರು ಎಂಬುದನ್ನು ಮೊದಲು ಹೇಳಬೇಕು. ಅಮೆರಿಕದ ನೈಋತ್ಯ ಭಾಗದಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಿಗೆ ಹರಡಿಕೊಂಡ ಒಣ ನೆಲದ ಮೂಲನಿವಾಸಿಗಳು. ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ, ಹಾಗಂದರೆ ಜನ. ಕುರಿ ಅವರ ಬದುಕು, ಉಣ್ಣೆ ನೇಯ್ಗೆ ಅವರ ಹೆಣ್ಣುಮಕ್ಕಳ ವಿದ್ಯೆ. 1864ರಲ್ಲಿ ಅಮೆರಿಕದ ಸೈನ್ಯ ಅವರ ಹೊಲ ತೋಟ ಸುಟ್ಟು ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಯಲಿನ ಬಂದೀಖಾನೆಯಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಉಳಿದವರು ತಮ್ಮ ನೆಲಕ್ಕೆ ಮರಳಿದರು. ಆಮೇಲೆ ಬಂದದ್ದು ವಸತಿ ಶಾಲೆ. ಮಕ್ಕಳನ್ನು ಮನೆಯಿಂದ ಒಯ್ದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟು, ‘ನಾಗರಿಕ’ರನ್ನಾಗಿ ಮಾಡುವ ಕಾರ್ಖಾನೆ. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯುವ ಹೆಸರಿನಲ್ಲಿ ಸರಕಾರ ಅವರ ಕುರಿಗಳನ್ನೇ ಲಕ್ಷಗಟ್ಟಲೆ ಕಡಿಮೆ ಮಾಡಿಸಿತು.

ಈ ಜನರ ಮುಖವನ್ನು ಕ್ಯಾಮೆರಾ ಮೊದಲಿನಿಂದಲೂ ಬಿಟ್ಟಿಲ್ಲ. ಎಡ್ವರ್ಡ್ ಕರ್ಟಿಸ್ ಎಂಬ ಛಾಯಾಗ್ರಾಹಕ 1904ರಲ್ಲಿ ಕುದುರೆ ಏರಿ ಕತ್ತಲಿನ ಕಡೆಗೆ ಹೋಗುತ್ತಿರುವ ನವಾಜೊಗಳ ಚಿತ್ರ ತೆಗೆದು, ಅದಕ್ಕೆ ‘ಅಳಿಯುತ್ತಿರುವ ಜನಾಂಗ’ ಎಂಬ ಅರ್ಥದ ಹೆಸರಿಟ್ಟ. ಆ ಜನಾಂಗ ಅಳಿಯಲಿಲ್ಲ. 2021ರ ಹೊತ್ತಿಗೆ ನವಾಜೊ ನೇಷನ್ನಿನ ಪಟ್ಟಿಯಲ್ಲಿ ಸುಮಾರು 4 ಲಕ್ಷ ಹೆಸರುಗಳಿದ್ದವು. ಆದರೆ ಫೋಟೊ ಹೇಳಿದ ಸುಳ್ಳು ಮಾತ್ರ ಉಳಿಯಿತು. ಮುಂದೆ ಜಾನ್ ಫೋರ್ಡ್ 1939ರ ‘ಸ್ಟೇಜ್‌ಕೋಚ್’ನಿಂದ ಶುರುಮಾಡಿ ತನ್ನ ಕೌಬಾಯ್ ಸಿನಿಮಾಗಳನ್ನು ನವಾಜೊ ನೆಲವಾದ ಮಾನ್ಯುಮೆಂಟ್ ವ್ಯಾಲಿಯಲ್ಲಿ ತೆಗೆದ. ನವಾಜೊ ಗಂಡಸರು ದಿನಗೂಲಿಗೆ ಬೇರೆ ಬೇರೆ ಬುಡಕಟ್ಟಿನವರ ವೇಷ ಹಾಕಿ ಕುದುರೆಯಿಂದ ಬಿದ್ದು ಸತ್ತರು. ನೆಲ ಅವರದು, ಮೈ ಅವರದು, ಕಥೆ ಮಾತ್ರ ಬೇರೆಯವರದು.

ಇದನ್ನು ಓದುವಾಗ ನಮ್ಮ ಸುರಪುರದ ಮೆಡೋಸ್ ಟೇಲರ್ ನೆನಪಿಗೆ ಬಾರದಿರುವುದಿಲ್ಲ. 1840ರ ದಶಕದ ಆರಂಭದಿಂದ 1853ರವರೆಗೆ ಇಲ್ಲಿದ್ದು ಎಳೆಯ ರಾಜನ ಪರವಾಗಿ ಸಂಸ್ಥಾನ ನೋಡಿಕೊಂಡವನು. ಗುಡ್ಡದ ಮೇಲಿನ ಅವನ ಬಂಗಲೆ ಈಗಲೂ ಟೇಲರ್ ಮಂಜಿಲ್. ನಮ್ಮ ರಾಜನಕೋಳೂರಿನ ಕಲ್ಗೋರಿಗಳ ಬಗ್ಗೆ ಬರೆದವನೂ ಅವನೇ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಧಾರವಾಡ–ಮೈಸೂರು ಸೀಮೆಯ ಕಟ್ಟಡಗಳ ಫೋಟೊ ಪುಸ್ತಕಕ್ಕೆ ಚರಿತ್ರೆಯ ಮಾತು ಬರೆದವನೂ ಅವನೇ. 1858ರಲ್ಲಿ ಕಂಪನಿಯ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಸೆರೆಯಾದ ಮೇಲೆ ಆಡಿದ ಮಾತುಗಳು ನಮಗೆ ಸಿಕ್ಕಿರುವುದು ಮುಖ್ಯವಾಗಿ 1877ರಲ್ಲಿ ಹೊರಬಂದ ಟೇಲರನ ಆತ್ಮಕಥೆಯಿಂದ. ಅವನು ರಾಜನನ್ನು ಮಗನಂತೆ ಪ್ರೀತಿಸಿದ, ಸರಿ. ಆದರೂ ಬರೆದ ಕೈ ಆಳುವವರ ಕೈ. ಬೇಡ ನಾಯಕರ ಕೇರಿಯ ಒಬ್ಬ ಹೆಣ್ಣುಮಗಳು ಆ ವರ್ಷವನ್ನು ಹೇಗೆ ನೆನೆಸಿಕೊಂಡಿದ್ದಳು ಎಂಬುದು ಆ ಪುಸ್ತಕದಲ್ಲಿಲ್ಲ.

ಹೀಗಾಗಿ ದಲಿತ-ಬಂಡಾಯ ಚಳವಳಿಯಲ್ಲಿ ಬೆಳೆದ ನಮ್ಮಂಥವರಿಗೆ ಒಂದು ಉತ್ತರ ಮೊದಲೇ ಸಿದ್ಧವಾಗಿತ್ತು. ಲೇಖನಿಯನ್ನೂ ಕ್ಯಾಮೆರಾವನ್ನೂ ನಮ್ಮವರ ಕೈಗೆ ಕೊಡಿ, ಎಲ್ಲ ಸರಿಹೋಗುತ್ತದೆ! ಅರ್ಲೀನ್ ಬೋಮನ್ನಳ ಚಿತ್ರ ಈ ಉತ್ತರಕ್ಕೇ ಕೈ ಹಾಕುತ್ತದೆ.

ಬೋಮನ್ ನವಾಜೊ ಕುಟುಂಬದವಳು, ಆದರೆ ಬೆಳೆದದ್ದು ಫೀನಿಕ್ಸ್ ಎಂಬ ಶಹರದಲ್ಲಿ. ನವಾಜೊ ಭಾಷೆ ಬಾರದು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುವಾಗ, ಊರಲ್ಲಿರುವ ತನ್ನ ಅಜ್ಜಿಯ ಸಾಂಪ್ರದಾಯಿಕ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇನೆಂದು ಹೊರಟಳು. ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೆಯ ಯೋಜನೆ ಯಾವುದಿದೆ? ನಮ್ಮ ಹಾಸ್ಟೆಲಿನಲ್ಲಿ ಓದಿದ ಯಾವ ಹುಡುಗಿಯಾದರೂ ಹೀಗೇ ಹೊರಡುತ್ತಿದ್ದಳು.

ಅಜ್ಜಿಗೆ ಇದು ಬೇಡ. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾಳೆ, ಒಳಗೆ ಹೋಗುತ್ತಾಳೆ. ಮೊಮ್ಮಗಳು ಬಿಡುವುದಿಲ್ಲ. ಒಬ್ಬರನ್ನು ನಡುವೆ ನಿಲ್ಲಿಸಿ ಮಾತು ಅರ್ಥಮಾಡಿಕೊಳ್ಳುತ್ತಾಳೆ. ಅರ್ಥವಾಗುವುದು ಒಂದೇ: ಬೇಡ. ಆದರೂ ಕ್ಯಾಮೆರಾ ಬಾಗಿಲವರೆಗೂ ಹೋಗುತ್ತದೆ. ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜಿಯ ಬದುಕಿನ ಚಿತ್ರ ಹೋಗಿ, ಅಜ್ಜಿಯನ್ನು ಹಿಂಬಾಲಿಸುವ ಮೊಮ್ಮಗಳ ಚಿತ್ರವಾಗುತ್ತದೆ. ಕೊನೆಗೆ ಬೋಮನ್ ತಾನೇ ಕ್ಯಾಮೆರಾ ಮುಂದೆ ಬಂದು, ತಾನು ಯಾಕೆ ಬಿಡಲಿಲ್ಲ ಎಂದು ಹೇಳಿಕೊಳ್ಳಬೇಕಾಗುತ್ತದೆ.

ನೋಡಿದವರು ಸಿಟ್ಟಾದರು. ಮೂಲನಿವಾಸಿ ಪ್ರೇಕ್ಷಕರೂ ಬಿಳಿಯ ಪ್ರೇಕ್ಷಕರೂ ಬೋಮನ್ನಳನ್ನು ತರಾಟೆಗೆ ತೆಗೆದುಕೊಂಡರು. ಚರ್ಚೆ ಎಷ್ಟು ಕಾಲ ನಡೆಯಿತೆಂದರೆ, 2012ರಲ್ಲಿ ರಾಂಡಾಲ್ಫ್ ಲೂಯಿಸ್ ಎಂಬ ಅಧ್ಯಾಪಕ ಈ ಒಂದೇ ಚಿತ್ರದ ಮೇಲೆ ಇಡೀ ಪುಸ್ತಕ ಬರೆದ.

ಬೋಮನ್ನಳ ತಪ್ಪು ಯಾವುದು? ನಮ್ಮ ಅಭಿಪ್ರಾಯದಲ್ಲಿ, ರಕ್ತಸಂಬಂಧವೇ ಪರವಾನಗಿ ಎಂದು ತಿಳಿದದ್ದು. ‘ನಾನು ಇವಳ ಮೊಮ್ಮಗಳು, ಆದ್ದರಿಂದ ಇವಳ ಮುಖ ನನ್ನದು’ ಎಂಬ ಹಕ್ಕಿನ ಭಾವನೆ. ನಾವು ಆಯಿಗೆ ‘ನಿನ್ನ ಮೊಮ್ಮಕ್ಕಳಿದ್ದಂಗ’ ಅಂದಾಗ ಆಡಿದ್ದು ಇದೇ ಮಾತು. ಎರಡನೆಯದು, ಅವಸರ. ಪದವಿಗೆ ಚಿತ್ರ ಮುಗಿಸಬೇಕು, ಕೂಡಿಸಿದ ದುಡ್ಡು ಖರ್ಚಾಗಿದೆ. ಅಜ್ಜಿಯ ಕಾಲಕ್ಕೂ ವಿಶ್ವವಿದ್ಯಾಲಯದ ಕಾಲಕ್ಕೂ ಹೊಂದಾಣಿಕೆ ಇಲ್ಲ. ಮೂರನೆಯದು ಭಾಷೆ. ಇದಕ್ಕೆ ಬೋಮನ್ನಳನ್ನು ಬೈಯುವಂತಿಲ್ಲ. ವಸತಿ ಶಾಲೆಗಳು ಒಂದೆರಡು ತಲೆಮಾರಿನ ನಾಲಿಗೆಯನ್ನೇ ಕತ್ತರಿಸಿದ್ದರಿಂದ ಮೊಮ್ಮಕ್ಕಳು ಅಜ್ಜಿಯರ ಮುಂದೆ ಮೂಕರಾದರು. ಆ ಮೂಕತನವನ್ನು ಕ್ಯಾಮೆರಾದಿಂದ ತುಂಬಿಕೊಳ್ಳಲು ಆಕೆ ಹೋದಳು, ತುಂಬಲಿಲ್ಲ.

ಇಷ್ಟಾದರೂ ನಾವು ಈ ಚಿತ್ರವನ್ನು ತಳ್ಳಿಹಾಕುವುದಿಲ್ಲ. ಅಜ್ಜಿ ‘ಬೇಡ’ ಅಂದದ್ದನ್ನು ಕತ್ತರಿಸಿ ಎಸೆದು, ಒಳ್ಳೆಯ ಬೆಳಕಿನಲ್ಲಿ ನಾಲ್ಕು ಗುಡ್ಡ, ಎರಡು ಕುರಿ, ಒಂದು ಕೊಳಲಿನ ರಾಗ ಸೇರಿಸಿ ಸುಂದರವಾದ ಚಿತ್ರವನ್ನು ಬೋಮನ್ ಮಾಡಬಹುದಿತ್ತು. ಬಹುಮಾನವೂ ಬರುತ್ತಿತ್ತೇನೊ. ಹಾಗೆ ಮಾಡಲಿಲ್ಲ. ಎಷ್ಟು ಜನಪರ ಚಿತ್ರಗಳಲ್ಲಿ ಇಂಥ ‘ಬೇಡ’ಗಳು ಕತ್ತರಿಗೆ ಸಿಕ್ಕು ಸತ್ತಿವೆಯೋ! ಆದರೆ ಪ್ರಾಮಾಣಿಕತೆಯ ಹೊಗಳಿಕೆ ಸಿಕ್ಕಿದ್ದು ನಿರ್ದೇಶಕಿಗೆ. ಅಜ್ಜಿಗೆ ಸಿಕ್ಕಿದ್ದೇನು? ಆಕೆಯ ನಿರಾಕರಣೆಯೂ ಚಿತ್ರದ ಸರಕಾಯಿತು. ತಪ್ಪನ್ನು ಒಪ್ಪಿಕೊಂಡದ್ದು ದೊಡ್ಡದು, ಆದರೆ ಒಪ್ಪಿಕೊಂಡ ಮಾತ್ರಕ್ಕೆ ತೆಗೆದುಕೊಂಡದ್ದು ವಾಪಸು ಹೋದಂತಾಗಲಿಲ್ಲ.

ಬೇರೆ ದಾರಿ ಇತ್ತೆ? ಇತ್ತು. ಬೋಮನ್ನಳಿಗಿಂತ ಇಪ್ಪತ್ತು ವರ್ಷ ಮುಂಚೆ, 1966ರ ಬೇಸಿಗೆಯಲ್ಲಿ, ಅದೇ ಅರಿಜೋನಾದ ಪೈನ್ ಸ್ಪ್ರಿಂಗ್ಸ್ ಎಂಬಲ್ಲಿ ಸೋಲ್ ವರ್ತ್, ಜಾನ್ ಅಡೇರ್ ಎಂಬ ಇಬ್ಬರು ಸಂಶೋಧಕರು ಕೆಲವು ನವಾಜೊಗಳಿಗೆ 16 ಎಂ.ಎಂ. ಕ್ಯಾಮೆರಾ ಕೊಟ್ಟು, ನಡೆಸುವುದನ್ನು ಕಲಿಸಿ, ನಿಮಗೆ ಬೇಕಾದ್ದನ್ನು ತೆಗೆಯಿರಿ ಅಂದರು. ಹೊರಗಿನವರ ಪ್ರಯೋಗವೇ ಅದು, ನವಾಜೊ ಕಣ್ಣು ಲೋಕವನ್ನು ಹೇಗೆ ನೋಡುತ್ತದೆಂದು ಅಳೆಯುವ ಕುತೂಹಲ. ಆದರೂ ಅಲ್ಲಿ ಎರಡು ಸಂಗತಿ ನಡೆದವು.

ಒಂದು: ಕೆಲಸ ಶುರುವಾಗುವ ಮೊದಲು ಸ್ಯಾಮ್ ಯಾಜ಼ಿ ಎಂಬ ಹಿರಿಯರನ್ನು ಕೇಳಲು ಹೋದರು. ಆ ಮುತ್ಯಾ ಕೇಳಿದ್ದು ಕಲೆಯ ಪ್ರಶ್ನೆಯಲ್ಲ. ಈ ಸಿನಿಮಾದಿಂದ ಕುರಿಗಳಿಗೆ ಕೇಡಾಗುತ್ತದೆಯೆ ಎಂದು ಕೇಳಿದರು. ಇಲ್ಲ ಅಂದರು. ಹಾಗಾದರೆ ಒಳ್ಳೆಯದಾಗುತ್ತದೆಯೆ? ಅದೂ ಇಲ್ಲ. ಮತ್ತೆ ಯಾಕೆ ಮಾಡುತ್ತೀರಿ ಎಂಬುದು ಅವರ ಮೂರನೆಯ ಪ್ರಶ್ನೆ. ಸಂಶೋಧಕರ ಬಳಿ ಸರಿಯಾದ ಉತ್ತರ ಇರಲಿಲ್ಲ. ನಮ್ಮ ಕುರಿಗಾರ ಮುತ್ಯಾನಿಗೆ ಈ ಪ್ರಶ್ನೆ ಹೊಳೆಯುವುದಿಲ್ಲವೆ? ಸೆಮಿನಾರಿನವರಿಗೆ ಹೊಳೆಯುವುದಿಲ್ಲ, ಅಷ್ಟೆ.

ಎರಡು: ಸೂಸಿ ಬೆನಲಿ ಎಂಬ ಯುವತಿ ತನ್ನ ತಾಯಿ ಆಲ್ಟಾ ಕಾನ್ ನೇಯುವುದನ್ನು ಚಿತ್ರಿಸಿದಳು. ಆ ಚಿತ್ರದ ಬಹುಪಾಲು ನೇಯ್ಗೆಯೇ ಇಲ್ಲ. ಕುರಿ, ಉಣ್ಣೆ, ಬಣ್ಣಕ್ಕೆ ಬೇಕಾದ ಬೇರು ಹುಡುಕಲು ನಡೆಯುವುದು, ನೂಲುವುದು, ಮತ್ತೆ ನಡೆಯುವುದು. ಕಂಬಳಿ ಗೊತ್ತಿದ್ದವರಿಗೆ ಇದು ಸರಿ ಅನ್ನಿಸುತ್ತದೆ; ಮಗ್ಗದ ಮುಂದೆ ಕೂಡುವ ಮುಂಚೆಯೇ ಅರ್ಧ ಜೀವ ಸವೆದಿರುತ್ತದೆ. ಆಮೇಲೆ ತಾಯಿ ತಾನೇ ಮಗಳಿಂದ ಕ್ಯಾಮೆರಾ ಕಲಿತಳು. ಇಂಗ್ಲಿಷ್ ಬಾರದ ಆ ಹೆಣ್ಣುಮಗಳು ಈಗ ಮಗಳು ನೇಯುವುದನ್ನು ಚಿತ್ರಿಸಿದಳು. ಒಂದೇ ಬೇಸಿಗೆಯಲ್ಲಿ ತಾಯಿ ಮಗಳ ಕ್ಯಾಮೆರಾ ಮುಂದೆ ಕೂತಳು, ಮಗಳು ತಾಯಿಯ ಕ್ಯಾಮೆರಾ ಮುಂದೆ ಕೂತಳು.

ಬೋಮನ್ನಳಿಗೆ ಆಗದ್ದು ಬೆನಲಿಗೆ ಯಾಕೆ ಆಯಿತು? ಪ್ರತಿಭೆಯ ವ್ಯತ್ಯಾಸ ಅಲ್ಲ. ಬೆನಲಿ ತಾಯಿಯ ಮಾತಿನಲ್ಲಿ, ತಾಯಿಯ ಊರಿನಲ್ಲೇ ಇದ್ದಳು. ಅವಳಿಗೆ ಕಳೆದುಹೋದ ಯಾವುದನ್ನೂ ಹುಡುಕಬೇಕಾಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ಒಬ್ಬರ ಕೈಯಲ್ಲೇ ಉಳಿಯಲಿಲ್ಲ.

ಈಗ ನಮ್ಮ ಸಿನಿಮಾಕ್ಕೆ ಬರೋಣ. 1975ರಲ್ಲಿ ಬಿ. ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಚಿತ್ರ ಮಾಡಿದರು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಉಳುವುದಕ್ಕೆ ಒಂದು ತುಂಡು ನೆಲ ಕೇಳಿದ ಅಸ್ಪೃಶ್ಯನ ಕಥೆಯನ್ನು ಅಷ್ಟು ಗಟ್ಟಿಯಾಗಿ ಕನ್ನಡ ತೆರೆಗೆ ತಂದದ್ದಕ್ಕೆ ನಾವು ಋಣಿಗಳು. ಆದರೆ ಆ ಚಿತ್ರದ ಕರುಣೆ ಮೇಲಿನಿಂದ ಕೆಳಗೆ ಹರಿಯುವ ಕರುಣೆ. ಚೋಮ ದುಡಿ ಬಡಿಯುತ್ತಾ ಸಾಯುತ್ತಾನೆ, ನೋಡುವವನು ಕಣ್ಣೊರೆಸಿಕೊಂಡು ಹೋಗುತ್ತಾನೆ. ಕೇರಿಯ ಜನ ಚೋಮನನ್ನು ನೋಡಿ ಏನೆನ್ನುತ್ತಾರೆ ಎಂದು ಕೇಳುವ ಜರೂರು ಅಂದಿನ ಯಾವ ಪ್ರಶಸ್ತಿ ಸಮಿತಿಗೂ ಬರಲಿಲ್ಲ.

ನಮ್ಮ ಸೀಮೆಯ ಮಾತಂತೂ ಕನ್ನಡ ಸಿನಿಮಾದಲ್ಲಿ ಬಹುಕಾಲ ನಗೆಗೆ ಇಟ್ಟ ಸರಕು. ‘ಏನ್ಲೇ’, ‘ಹೋಗ್ಲಾಕತ್ತೀನಿ’ ಅಂದರೆ ಸಾಕು, ಬೆಂಗಳೂರಿನ ಟಾಕೀಸು ನಗುತ್ತಿತ್ತು. ಇದು ಈಚೆಗೆ ಬದಲಾಗುತ್ತಿದೆ. 2014ರ ಮಂಸೋರೆಯವರ ‘ಹರಿವು’ ನಮ್ಮ ಕಡೆಯ ಒಬ್ಬ ರೈತ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ದು, ಮಗ ಸತ್ತ ಮೇಲೆ ಹೆಣವನ್ನು ಊರಿಗೆ ಸಾಗಿಸಲು ದುಡ್ಡಿಲ್ಲದೆ ಟ್ರಂಕಿನಲ್ಲಿಟ್ಟು ಬಸ್ಸು ಹತ್ತುವ ಕಥೆ. ವೈದ್ಯೆಯೊಬ್ಬರು ಪತ್ರಿಕೆಯಲ್ಲಿ ಬರೆದ ನಿಜ ಸಂಗತಿಯಿಂದ ಹುಟ್ಟಿದ್ದು. ಉತ್ಸವ್ ಗೋನವಾರರ ‘ಫೋಟೊ’ ರಾಯಚೂರು ಸೀಮೆಯ ದುರ್ಗ್ಯಾ ಎಂಬ ಹುಡುಗ ವಿಧಾನಸೌಧದ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕೆಂದು ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ಹೋಗುವ ಕಥೆ. 2020ರ ಲಾಕ್‌ಡೌನ್ ಬರುತ್ತದೆ, ಅಪ್ಪ ಮಗ ಊರಿಗೆ ನಡೆಯುತ್ತಾರೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ, ಊರಿನವರನ್ನೇ ನಟರನ್ನಾಗಿ ಮಾಡಿ ತೆಗೆದದ್ದು. ಸಾಲಿಯಲ್ಲಿ ಬಿಸಿಯೂಟ ಬೇಯಿಸುವ ಹೆಣ್ಣುಮಗಳೊಬ್ಬಳು ಶಕ್ತಿಪೇಯ ಮಾರುವ ನೆಟ್‌ವರ್ಕ್ ವ್ಯಾಪಾರಕ್ಕೆ ಬಿದ್ದು ಮನೆಯ ಸಾಲ ತೀರಿಸಲು ಒದ್ದಾಡುತ್ತಾಳೆ. ಅವಳು ಬರೀ ಪಾಪದವಳಲ್ಲ; ಹಟಮಾರಿ, ಆಸೆಬುರುಕಿ, ನೆರೆಯವರನ್ನೂ ಹಳ್ಳಕ್ಕೆ ಎಳೆಯಬಲ್ಲವಳು. ಅದಕ್ಕೇ ಅವಳು ನಮ್ಮವಳೆಂದು ನಮಗೆ ಅನ್ನಿಸುವುದು.

ಈ ಚಿತ್ರಗಳಲ್ಲಿ ನಮ್ಮ ಮಾತಿಗೆ ಮರ್ಯಾದೆ ಇದೆ. ಆದರೆ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದು, ಇಲ್ಲಿಯ ಥಿಯೇಟರಿಗೆ ಬಂದದ್ದು 2024ರಲ್ಲಿ. ‘ಫೋಟೊ’ ಕೂಡ ಉತ್ಸವಗಳನ್ನು ಸುತ್ತಿ 2024ರಲ್ಲೇ ಬಂತು. ನಮ್ಮ ಶಿವಮ್ಮನನ್ನು ಬೂಸಾನಿನವರು ನೋಡಿ ಚಪ್ಪಾಳೆ ಹೊಡೆದು ಎರಡು ವರ್ಷದ ಮೇಲೆ ನಾವು ನೋಡಬೇಕು! ಇದು ನಿರ್ದೇಶಕರ ತಪ್ಪಲ್ಲ, ದುಡ್ಡಿನ ಕೈಯಲ್ಲಿರುವ ವಿತರಣೆಯ ವ್ಯವಸ್ಥೆ ಅಂಥದು. ಸ್ವತಂತ್ರ ಚಿತ್ರಕಾರ ಅನ್ನುವ ಮಾತಿನಲ್ಲಿ ಸ್ವಾತಂತ್ರ್ಯ ಎಷ್ಟಿದೆಯೋ ಅಷ್ಟೇ ಅನಾಥತನವೂ ಇದೆ. ಬೋಮನ್ನಳೂ ದಶಕಗಳ ಬಾಳಿನಲ್ಲಿ ಮಾಡಲಿಕ್ಕಾದದ್ದು ಕೆಲವೇ ಚಿತ್ರಗಳು.

ಇನ್ನು ಹೊರಗಿನ ಕ್ಯಾಮೆರಾಕ್ಕೆ ನಮ್ಮ ಹೆಣ್ಣುಮಕ್ಕಳೇ ಎದುರು ನಿಂತ ಒಂದು ಪ್ರಸಂಗ ಹೇಳಲೇಬೇಕು. 2010ರಲ್ಲಿ ವಿದೇಶದ ಒಂದು ಮಾಧ್ಯಮ ಸಂಸ್ಥೆ ದೇವದಾಸಿಯರ ಬಗ್ಗೆ ಚಿತ್ರ ಮಾಡಿ ಲೋಕಕ್ಕೆಲ್ಲ ಬಿತ್ತರಿಸಿತು. ಅದರಲ್ಲಿ ಕಾಣಿಸಿಕೊಂಡವರು ಗಡಿಯಾಚೆಯ ಸಾಂಗ್ಲಿಯ ‘ವ್ಯಾಂಪ್’ ಎಂಬ ಲೈಂಗಿಕ ಕಾರ್ಮಿಕರ ಸಂಘಟನೆಯವರು. ಅವರಲ್ಲಿ ನಮ್ಮ ಉತ್ತರ ಕರ್ನಾಟಕದ ಮೂಲದವರು, ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹಳ. ಚಿತ್ರ ನೋಡಿ ಅವರು ಅಳುತ್ತಾ ಕೂರಲಿಲ್ಲ. ತಮ್ಮನ್ನು ತಪ್ಪಾಗಿ ತೋರಿಸಿದ್ದಾರೆ, ಹೇಳಬಾರದ ಖಾಸಗಿ ಸಂಗತಿ ಹೇಳಿದ್ದಾರೆ, ತಮ್ಮ ದೇವರನ್ನು ಹಗುರ ಮಾಡಿದ್ದಾರೆ ಎಂದು ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರದ ವಿಡಿಯೊ ಮಾಡಿ ಹೊರಬಿಟ್ಟರು. 1982ರ ದೇವದಾಸಿ ನಿಷೇಧ ಕಾಯ್ದೆಯ ಪರವಾಗಿ ನಿಂತ ನಾವು, ಆ ಪದ್ಧತಿಯ ಬಗ್ಗೆ ಆ ಹೆಣ್ಣುಮಕ್ಕಳು ಹೇಳುವ ಎಲ್ಲವನ್ನೂ ಒಪ್ಪದಿರಬಹುದು. ಆದರೆ ತಮ್ಮ ಮುಖದ ಮೇಲಿನ ಹಕ್ಕು ತಮ್ಮದೇ ಎಂದು ಅವರು ಹೇಳಿದ್ದನ್ನು ಒಪ್ಪದವನು ಬಂಡಾಯದವನಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು 1986ರಲ್ಲಿ ಹೋಗಿ ಏಟು ತಿಂದದ್ದು ನಮ್ಮ ಚಳವಳಿಯೇ. ಅಂಥ ಅನಿಷ್ಟವನ್ನು ಬಯಲಿಗೆಳೆಯಲು ಸಾಕ್ಷಿಯ ಫೋಟೊ ಬೇಕು ನಿಜ. ಆ ಫೋಟೊ ಅವಳನ್ನು ಮತ್ತೊಮ್ಮೆ ಬೆತ್ತಲೆ ಮಾಡದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ. ಇಂದು ದೌರ್ಜನ್ಯ ನಡೆದ ಊರಿಗೆ ನಾವು ಹೋದಾಗ ಮೊದಲು ಹೊರಬರುವುದು ಮೊಬೈಲು, ಆಮೇಲೆ ನೀರಿನ ತಂಬಿಗೆ.

ಬೋಮನ್ನಳ ಕಥೆ ಅಜ್ಜಿಯ ಬಾಗಿಲಲ್ಲೇ ನಿಲ್ಲಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯ. 1994ರಲ್ಲಿ ಆಕೆ ‘ಸಾಂಗ್ ಜರ್ನಿ’ ಮಾಡಿದಳು. ಮೂಲನಿವಾಸಿಗಳ ಹಾಡು-ಕುಣಿತದ ಜಾತ್ರೆಗಳಲ್ಲಿ ದೊಡ್ಡ ಡೋಲಿನ ಸುತ್ತ ಕೂತು ಬಡಿಯುವವರು ಹೆಚ್ಚಾಗಿ ಗಂಡಸರು. ಹೆಣ್ಣುಮಕ್ಕಳು ಎಲ್ಲಿ ಹಾಡುತ್ತಾರೆ, ಎಲ್ಲಿ ಬಡಿಯುತ್ತಾರೆ ಎಂದು ಹುಡುಕುತ್ತಾ ಊರೂರು ಹೋಗುವ ಚಿತ್ರ ಅದು. ಹಲಗೆ ಗಂಡಸರ ಕೈಯಲ್ಲಿ, ಚೌಡಿಕೆ ಜೋಗತಿಯರ ಕೈಯಲ್ಲಿ ಎಂದು ಹಂಚಿಹೋದ ನಮ್ಮ ಸೀಮೆಯವರಿಗೆ ಈ ಹುಡುಕಾಟ ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಬೋಮನ್ ಯಾರ ಮನೆಯ ಬಾಗಿಲನ್ನೂ ಒತ್ತುವುದಿಲ್ಲ. ಮಾತಾಡಬೇಕೆಂದಿರುವ ಹೆಣ್ಣುಮಕ್ಕಳ ಹತ್ತಿರ ಹೋಗುತ್ತಾಳೆ, ಕಲಿಯುವವಳಂತೆ ಕೂಡುತ್ತಾಳೆ. ಮೊದಲ ಚಿತ್ರದ ತಪ್ಪು ಎರಡನೆಯ ಚಿತ್ರದ ನಡತೆಯಾಯಿತು ಎಂದು ನಾವು ಓದುತ್ತೇವೆ.

ಆಕೆಯ ಅಜ್ಜಿಯ ನೆರಳು ಮುಂದಿನ ನವಾಜೊ ಚಿತ್ರಗಳಲ್ಲೂ ನಮಗೆ ಕಾಣುತ್ತದೆ. 2009ರಲ್ಲಿ ಬ್ಲ್ಯಾಕ್‌ಹಾರ್ಸ್ ಲೋ ಮಾಡಿದ ಕಪ್ಪು-ಬಿಳುಪು ಕಿರುಚಿತ್ರದ ಹೆಸರೇ ‘ಶಿಮಾಸಾನಿ’, ಅಂದರೆ ನನ್ನ ಅಜ್ಜಿ. 1920ರ ದಶಕದ ಹುಡುಗಿಯೊಬ್ಬಳು ಅಜ್ಜಿಯ ಹತ್ತಿರ ಉಳಿಯಬೇಕೋ ಲೋಕ ನೋಡಲು ಹೋಗಬೇಕೋ ಎಂಬ ತೊಳಲಾಟ. 2023ರಲ್ಲಿ ಬಿಲ್ಲಿ ಲೂಥರ್ ಮಾಡಿದ ‘ಫ್ರೈಬ್ರೆಡ್ ಫೇಸ್ ಅಂಡ್ ಮಿ’ಯಲ್ಲಿ ಶಹರದ ಹುಡುಗ ರಜೆಗೆ ಅಜ್ಜಿಯ ಊರಿಗೆ ಬರುತ್ತಾನೆ, ಅಜ್ಜಿಗೆ ನವಾಜೊ ಬಿಟ್ಟು ಬೇರೆ ಮಾತು ಬಾರದು, ಅವನಿಗೆ ನವಾಜೊ ಬಾರದು. ಅಜ್ಜಿಯ ಪಾತ್ರ ಮಾಡಿದಾಕೆ ನಿಜವಾಗಿಯೂ ನೇಕಾರಳು. ಈ ಇಬ್ಬರೂ ಕಥೆಯ ದಾರಿ ಹಿಡಿದರು. ಪಾತ್ರ ಮಾಡಲು ಒಪ್ಪಿ ಬಂದವಳ ಮುಂದೆ ಕ್ಯಾಮೆರಾ ಇಟ್ಟರು. ಒಪ್ಪದವಳನ್ನು ಬೆನ್ನಟ್ಟದೆಯೂ ಅಜ್ಜಿಯ ಬಗ್ಗೆ ಚಿತ್ರ ಮಾಡಬಹುದು ಎಂಬುದಕ್ಕೆ ಇವೇ ಪುರಾವೆ.

ಹಾಗಾದರೆ ನಮ್ಮ ಎರಡು ನಿಮಿಷದ ತುಣುಕಿನ ಗತಿ ಏನಾಯಿತು? ಮತ್ತೆ ಆ ಕೇರಿಗೆ ಹೋದೆವು. ಆಯಿಗೆ ಮೊಬೈಲಿನಲ್ಲಿ ಅವಳನ್ನೇ ತೋರಿಸಿದೆವು, ತಪ್ಪಾಯಿತು ಅಂದೆವು. ಅವಳು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಅಳಿಸ್ರಿ” ಅಂದಳು. ಅವಳ ಮುಂದೆಯೇ ಅಳಿಸಿದೆವು. ಕಾಲೇಜು ಹುಡುಗ ಅಳಿಸುವ ಮುಂಚೆ ಒಂದು ಕ್ಷಣ ನಿಂತದ್ದನ್ನು ನಾವೆಲ್ಲ ನೋಡಿದೆವು. ಅವನೊಬ್ಬನ ದೌರ್ಬಲ್ಯ ಅಲ್ಲ ಅದು.

ಇದನ್ನು ಬರೆಯುತ್ತೇವೆ ಅಂದಾಗ ಆಯಿ ಒಪ್ಪಿದಳು. ಹೆಸರು ಬ್ಯಾಡ, ಊರು ಬ್ಯಾಡ ಅಂದಳು, ಹಾಕಿಲ್ಲ. ಬದಲಿಗೆ ಒಂದು ಕೆಲಸ ಹೇಳಿದಳು. ಆ ಫೋಟೊ ಹುಡುಕಿ ಕೊಡ್ರಿ ಅಂದಳು. ಪಾಸ್‌ಪೋರ್ಟ್ ಅಳತೆಗಿಂತ ಕೊಂಚ ದೊಡ್ಡದು. ನೀಲಿ ಅಂಗಿ ಹಾಕಿದ ಹುಡುಗ, ಹಿಂದೆ ಸ್ಟುಡಿಯೊದ ಪರದೆಯ ಮೇಲೆ ಬರೆದ ತೋಟ. ಒಂದು ಮೂಲೆ ಮಡಚಿದೆ.

ಓದುಗ ಗೆಳೆಯರೆ, ಯಾದಗಿರಿ, ಶಹಾಪುರ, ಸುರಪುರದ ಕಡೆ ವರದಿಗೆಂದೋ, ಅರ್ಜಿಗೆಂದೋ, ಚಳವಳಿಯ ಕರಪತ್ರಕ್ಕೆಂದೋ ಯಾರ್‍ಯಾರದೋ ಮನೆಯಿಂದ ತಂದ ಫೋಟೊಗಳು ನಿಮ್ಮ ಕಡತದಲ್ಲಿ, ಹಳೆಯ ಬ್ಯಾಗಿನಲ್ಲಿ ಬಿದ್ದಿರಬಹುದು. ನಮ್ಮ ಕಪಾಟು ತೆಗೆದು ನೋಡಿದಾಗ ನಮ್ಮಲ್ಲೇ ಹನ್ನೊಂದು ಸಿಕ್ಕವು. ಆಯಿಯ ಮಗನದು ಅದರಲ್ಲಿ ಇರಲಿಲ್ಲ. ಆ ಹನ್ನೊಂದನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಶುರುಮಾಡಿದ್ದೇವೆ, ಐದು ಮುಟ್ಟಿವೆ. ನೀವೂ ಒಮ್ಮೆ ಹುಡುಕಿ. ಸಾಕ್ಷ್ಯಚಿತ್ರದ ಮಾತು ಅದಾದ ಮೇಲೆ.